ಓದಿ ಸಿಟ್ಟು ಬಂದ ಪುಸ್ತಕವನ್ನು ಮನೆಯಿಂದ ದಾಟಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಕುಮಟಾ, ಗಂಡನ ಮನೆ ಶಿರಸಿ ಹತ್ತಿರದ ಹಳ್ಳಿ. ಪಂಚಾಯತಿ ಗ್ರಂಥಾಲಯಕ್ಕೆ ಜನ ಕೊಡುವ ಪುಸ್ತಕದ ಪೆಟ್ಟಿಗೆ ಬಿಚ್ಚಿ ವಿಂಗಡಿಸುವ ಕೆಲಸಕ್ಕೆ ಏಳೆಂಟು ವರ್ಷದಿಂದ ಕೈ ಹಾಕುತ್ತ ಬಂದಿದ್ದೇನೆ. ಸಂಬಳ ಇಲ್ಲ, ಚಟ ಅಷ್ಟೇ. ಹೀಗಾಗಿ ಮದುವೆಮನೆಯಲ್ಲಿ, ಅಡಿಕೆ ಸುಲಿಯುವಲ್ಲಿ, ಬಸ್ಸಿನಲ್ಲಿ ಸಿಕ್ಕವರೆಲ್ಲ ಇದೇ ವಿಷಯ ತೆಗೆಯುತ್ತಾರೆ. ಒಬ್ಬಿಬ್ಬರು ಕಾಗದ ಬರೆದೂ ಕೇಳಿದ್ದಾರೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಶುರುವಿಗೆ

ಅಲ್ಲಾ ಅಕ್ಕಾ, ಪುಸ್ತಕ ಹೊರಗೆ ಹಾಕೋದು ತಪ್ಪಲ್ವಾ? ಸರಸ್ವತಿ ಅಲ್ವಾ ಅದು?

ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನಾನೂ ಒತ್ತಿಕೊಳ್ಳುತ್ತೇನೆ, ಅದು ಎಂಥ ದರಿದ್ರ ಪುಸ್ತಕವಾದರೂ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಪುಸ್ತಕ ಪೂಜೆಗಿಟ್ಟು ವಿಜಯದಶಮಿಗೆ ತೆಗೆಯುತ್ತೇವೆ. ಆದರೆ ಆ ಮಣೆಯ ಮೇಲೆ ಯಾವ್ಯಾವ ಪುಸ್ತಕ ಇರುತ್ತವೆ ನೋಡಿ. ಮಕ್ಕಳ ಪಾಠಪುಸ್ತಕ, ಭಗವದ್ಗೀತೆ, ತೋಟದ ಲೆಕ್ಕದ ಪುಸ್ತಕ. ಓದಿ ಬೈದ ಕಾದಂಬರಿಯನ್ನು ತಂದು ಇಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಅದೇ ಮನೆಯವರು ಜೂನ್ ಬಂತೆಂದರೆ ಹೋದ ವರ್ಷದ ನೋಟ್ಸು, ಗೈಡು ಎಲ್ಲ ಕಟ್ಟಿ ರದ್ದಿಗೆ ಕಳಿಸುತ್ತಾರೆ. ಅಂದರೆ ಪುಸ್ತಕ ಹೊರಗೆ ಹೋಗುವುದು ನಮಗೆ ಹೊಸದಲ್ಲ. ಹೋಗುವಾಗ ಹರಿದು, ಒದ್ದೆಯಾಗಿ, ಚರಂಡಿ ಪಕ್ಕ ಬೀಳಬಾರದು ಅನ್ನುವುದಷ್ಟೇ ನಮ್ಮ ಮನಸ್ಸಿನಲ್ಲಿರುವುದು. ಅಷ್ಟನ್ನು ನೋಡಿಕೊಂಡರೆ ಸಾಕು.

ಪೂರ್ತಿ ಓದಿಯೇ ಬಿಡಬೇಕಾ? ಎಷ್ಟು ಪುಟಕ್ಕೆ ಕೈ ಬಿಡಬಹುದು?

ಅಮೆರಿಕದ ನ್ಯಾನ್ಸಿ ಪರ್ಲ್ ಎಂಬ ಗ್ರಂಥಪಾಲಕಿ ಒಂದು ಲೆಕ್ಕ ಹೇಳಿದ್ದಾರೆ. 50 ವರ್ಷದವರೆಗಿನವರು 50 ಪುಟ ಓದಿ ನೋಡಬೇಕು. ಅದಕ್ಕಿಂತ ವಯಸ್ಸಾದವರು 100ರಲ್ಲಿ ತಮ್ಮ ವಯಸ್ಸು ಕಳೆದು ಬಂದಷ್ಟು ಪುಟ ಓದಿದರೆ ಸಾಕು. 60 ಆದವರಿಗೆ 40 ಪುಟ, 80 ಆದವರಿಗೆ 20. ನಮ್ಮತ್ತೆಗೆ ಈ ಲೆಕ್ಕ ಹೇಳಿದಾಗ, ‘ಹಾಗಾದ್ರೆ ನೂರು ತುಂಬಿದ್ರೆ ರಟ್ಟು ನೋಡೇ ಇಡಬಹುದು’ ಅಂದರು. ನಿಜವಾಗಿ ಅದೇ ಲೆಕ್ಕ.

ಒಂದು ಷರತ್ತು ಮಾತ್ರ ನನ್ನದು. ಆ ಪುಸ್ತಕವನ್ನು ನಾಲ್ಕು ಜನರ ಎದುರು ಬೈಯುವ ಆಸೆ ಇದ್ದರೆ ಕೊನೇ ಪುಟದವರೆಗೆ ಓದಿ. ಅರ್ಧ ಓದಿದವರಿಗೆ ಬಿಡುವ ಹಕ್ಕಿದೆ, ಬೈಯುವ ಹಕ್ಕಿಲ್ಲ.

ಸುಮ್ನೆ ಕಪಾಟಿನ ಮೂಲೇಲಿ ಬಿದ್ದಿರಲಿ ಬಿಡಿ, ಅದೇನು ಅನ್ನ ಕೇಳ್ತದಾ?

ಬಯಲುಸೀಮೆಯಲ್ಲಾದರೆ ಈ ಮಾತು ನಡೆಯುತ್ತಿತ್ತೇನೋ. ನಮ್ಮಲ್ಲಿ ಇಲ್ಲ. ಕಾರವಾರ, ಕುಮಟಾ ಕಡೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಗಾಳಿಯಲ್ಲಿ ತೇವ ನೂರಕ್ಕೆ 65–70ರ ಮೇಲೆ ನಿಂತಿತೆಂದರೆ ಕಾಗದಕ್ಕೆ ಬೂಷ್ಟು ಹಿಡಿಯಲು ಶುರು. ನಮ್ಮ ಮಳೆಗಾಲದಲ್ಲಿ ಅದು ತಿಂಗಳುಗಟ್ಟಲೆ ಕೆಳಗಿಳಿಯುವುದೇ ಇಲ್ಲ.

ಈಗ ಯೋಚಿಸಿ, ಯಾವ ಪುಸ್ತಕಕ್ಕೆ ಮೊದಲು ಬೂಷ್ಟು? ನೀವು ಮುಟ್ಟದ ಪುಸ್ತಕಕ್ಕೆ. ಇಷ್ಟದ ಪುಸ್ತಕವನ್ನು ಆಗಾಗ ತೆಗೆಯುತ್ತೀರಿ, ಗಾಳಿ ಆಡುತ್ತದೆ. ಬೇಡದ್ದು ಗೋಡೆಗೆ ಒತ್ತಿಕೊಂಡು ಹಿಂದೆ ಸೇರಿರುತ್ತದೆ. ಎರಡು ವರ್ಷದ ಕೆಳಗೆ ಆಗಸ್ಟಿನಲ್ಲಿ ನಮ್ಮ ಮೆತ್ತಿನ ಮೇಲಿನ ಕಪಾಟು ತೆಗೆದೆ. ನನಗಾಗದ ಒಂದು ದಪ್ಪ ಕಾದಂಬರಿಯ ಬೆನ್ನಿನ ಮೇಲೆ ಹಸಿರು ಮಿಶ್ರಿತ ಬೂದಿ ಬಣ್ಣದ ತುಪ್ಪಳ. ಪಕ್ಕದ್ದನ್ನು ಎಳೆದೆ, ಅದಕ್ಕೂ ಅಂಟಿತ್ತು. ಅದು ನನಗೆ ಜೀವದಷ್ಟು ಪ್ರೀತಿಯ ಪುಸ್ತಕ. ರಟ್ಟು ತೆರೆದರೆ ಹೊಲಿಗೆಯ ಹತ್ತಿರದಿಂದ ಬೆಳ್ಳಿ ಬಣ್ಣದ, ಮೀನಿನಾಕಾರದ ಹುಳ ಸರ್ರನೆ ಓಡಿತು. ಸಿಲ್ವರ್‌ಫಿಶ್. ಬೈಂಡಿಂಗಿನ ಗಂಜಿ ಅಂಟೇ ಅದಕ್ಕೆ ಊಟ. ಅನ್ನ ಕೇಳುವುದಿಲ್ಲ ಅಂದಿರಲ್ಲ, ಕೇಳುತ್ತದೆ!

ಕರಾವಳಿಯಲ್ಲಿ ಉಪ್ಪುಗಾಳಿ ಬೇರೆ. ತವರಿನಲ್ಲಿ ಹಳೆ ಪತ್ರಿಕೆಗಳ ಪಿನ್ನು ತುಕ್ಕು ಹಿಡಿದು ನಡುಪುಟಗಳೆಲ್ಲ ಕಂದು ಕಲೆಯಾಗಿ ಉದುರುತ್ತಿದ್ದವು. ಕಪಾಟು ಹಗುರ ಇದ್ದಷ್ಟೂ ಉಳಿದ ಪುಸ್ತಕಕ್ಕೆ ಒಳ್ಳೆಯದು.

ಬೋರಾದ ಪುಸ್ತಕ, ಸಿಟ್ಟು ಬರಿಸಿದ ಪುಸ್ತಕ ಎರಡಕ್ಕೂ ಒಂದೇ ದಾರಿನಾ?

ಅಲ್ಲ. ಬೋರಾದದ್ದನ್ನು ಈ ವಾರವೇ ಕೊಡಿ. ಸಿಟ್ಟು ಬರಿಸಿದ್ದನ್ನು ಒಂದು ಮಳೆಗಾಲ ಇಟ್ಟುಕೊಳ್ಳಿ (ಒಣಗಿದ ಜಾಗದಲ್ಲಿ). ಬೋರು ಅಂದರೆ ನಿಮಗೂ ಅದಕ್ಕೂ ಸಂಬಂಧವೇ ಆಗಲಿಲ್ಲ. ಸಿಟ್ಟು ಅಂದರೆ ಏನೋ ತಾಗಿದೆ. ಅಕ್ಟೋಬರಿನಲ್ಲಿ ಮತ್ತೆ ತೆರೆದು ಹತ್ತು ಪುಟ ಓದಿ. ಆಗಲೂ ಮೈ ಉರಿದರೆ ಕಳಿಸಿ.

## ಯಾರಿಗೆ, ಎಲ್ಲಿಗೆ

ಪಂಚಾಯತಿ ಲೈಬ್ರರಿಗೆ ದಾನ ಕೊಟ್ಟುಬಿಡ್ಲಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನಗೆ ಹೆಚ್ಚು ಮಾತಿರುವುದೂ ಇಲ್ಲೇ.

ರಾಜ್ಯದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿವೆ. ಈಗ ಅವನ್ನು ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರ್ 1ರಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಹಳ್ಳಿ ಮಕ್ಕಳು ಅಲ್ಲಿಗೆ ಬರುವುದು ಜಾಸ್ತಿಯಾಯಿತು. ಜನರೂ ಪುಸ್ತಕ ಕೊಡಲು ಶುರು ಮಾಡಿದರು. ಒಳ್ಳೆಯದೇ. ಆದರೆ ಪೆಟ್ಟಿಗೆ ಬಿಚ್ಚುವವಳು ನಾನು. ಹಳೇ ಪಂಚಾಂಗ, ಅರ್ಧ ಬರೆದ ವರ್ಕ್‌ಬುಕ್, ಕಂಪನಿಯ ಡೈರಿ, ಪುಟ 33ರಿಂದ ಶುರುವಾಗುವ ಪತ್ತೇದಾರಿ ಕಾದಂಬರಿ! ಇದು ದಾನ ಅಲ್ಲ. ಕಸವನ್ನು ಪಕ್ಕದ ಮನೆ ಹಿತ್ತಿಲಿಗೆ ದಾಟಿಸಿದ ಹಾಗೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕ ಒಮ್ಮೆ ದಾಖಲಾತಿ ರಿಜಿಸ್ಟರಿಗೆ ಏರಿತೆಂದರೆ ಅದಕ್ಕೊಂದು ಸಂಖ್ಯೆ ಬಿತ್ತು, ಲೆಕ್ಕಕ್ಕೆ ಸೇರಿತು. ಆಮೇಲೆ ಗ್ರಂಥಪಾಲಕಿ ತಾನಾಗಿ ಅದನ್ನು ಎಸೆಯುವ ಹಾಗಿಲ್ಲ. ಪಟ್ಟಿ ಮಾಡಬೇಕು, ಮೇಲಿನವರ ಒಪ್ಪಿಗೆ ಬೇಕು. ನೀವು ಐದು ನಿಮಿಷದಲ್ಲಿ ದಾಟಿಸಿದ್ದನ್ನು ಅವರು ಐದು ವರ್ಷ ಕಾಯಬೇಕಾಗುತ್ತದೆ. ಇರುವುದೇ ಮೂರು ಕಪಾಟು, ಅದರಲ್ಲಿ ಒಂದರ ಬಾಗಿಲು ಹಾಕುವುದಿಲ್ಲ.

ಹಾಗಾಗಿ ಕೊಡುವ ಮೊದಲು ಪಟ್ಟಿ ಬರೆದು ತೋರಿಸಿ. ‘ಇದರಲ್ಲಿ ಬೇಕಾದ್ದು ಗುರುತು ಹಾಕಿ, ಉಳಿದದ್ದು ನಾನೇ ಒಯ್ಯುತ್ತೇನೆ’ ಎನ್ನಿ. ಈ ಒಂದು ಮಾತಿಗೆ ಗ್ರಂಥಪಾಲಕರು ನಿಮಗೆ ಚಹಾ ಕುಡಿಸುತ್ತಾರೆ.

ನಿಮಗೆ ಇಷ್ಟವಾಗಲಿಲ್ಲ ಎಂಬುದು ಕೊಡದಿರಲು ಕಾರಣವಲ್ಲ, ನೆನಪಿಡಿ. ನಮ್ಮ ಗ್ರಂಥಾಲಯ ಶಾಸ್ತ್ರದ ಹಿರಿಯ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಹೇಳಿದರು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಇದ್ದಾನೆ ಎಂಬುದು. ನಾನು ಮೂಗು ಮುರಿದು ಕೊಟ್ಟ ಒಂದು ಪ್ರವಾಸ ಕಥನವನ್ನು ಒಂಬತ್ತನೇ ತರಗತಿ ಹುಡುಗನೊಬ್ಬ ನಾಲ್ಕು ಸಲ ಒಯ್ದಿದ್ದಾನೆ.

ಗೆಳತಿಗೆ ಕೊಡಬಹುದಾ? ನನಗೆ ಸೇರದ್ದು ಅವಳಿಗೆ ಸೇರಬಹುದಲ್ಲ?

ಕೊಡಿ, ಆದರೆ ಉಡುಗೊರೆ ಅಂತ ಕಾಗದ ಸುತ್ತಿ ಕೊಡಬೇಡಿ. ‘ನನಗೆ ಆಗಲಿಲ್ಲ ಮಾರಾಯ್ತಿ, ನೀ ಓದಿ ನೋಡು, ಬೇಡಾದ್ರೆ ಮುಂದೆ ದಾಟಿಸು’ ಎಂದು ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟು ಕೊಟ್ಟರೆ ಒಂದು ತಿಂಗಳಿಗೆ ಅವಳು ‘ಎಷ್ಟು ಚಲೋ ಇತ್ತಲ್ವಾ’ ಅನ್ನುತ್ತಾಳೆ, ನೀವು ಹೂಂಗುಟ್ಟಬೇಕು. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಬೈಗುಳ ಇದ್ದರೆ ಕೊಡುವ ಮೊದಲು ಅಳಿಸಿ. ಅವಳ ಓದು ಅವಳದೇ ಆಗಲಿ.

ಮಾರಿದ್ರೆ ಎಷ್ಟು ಬರ್ತದೆ? ಇನ್ನೂರೈವತ್ತು ಕೊಟ್ಟು ತಂದಿದ್ದು ಅದು.

ಲೆಕ್ಕ ಹಾಕಿ ನೋಡೋಣ. ಡೆಮಿ ಆಕಾರದ (ಅಂದರೆ ಕಾದಂಬರಿಗಳು ಸಾಮಾನ್ಯವಾಗಿ ಬರುವ ಅಳತೆಯ) 200 ಪುಟದ ಕನ್ನಡ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ. ರದ್ದಿಯಂಗಡಿಯಲ್ಲಿ ನನಗೆ ಹೋದ ಸಲ ಸಿಕ್ಕಿದ್ದು ಕಿಲೋಗೆ 12 ರೂಪಾಯಿ. ಅಂದರೆ ನಿಮ್ಮ ₹250ರ ಪುಸ್ತಕಕ್ಕೆ ಮೂರು ರೂಪಾಯಿಯೂ ಪೂರ್ತಿ ಇಲ್ಲ. ಹಳೇ ಪುಸ್ತಕದ ಅಂಗಡಿಯವರು ಪಠ್ಯಪುಸ್ತಕ, ಪರೀಕ್ಷೆಯ ಪುಸ್ತಕಕ್ಕೆ ಕೊಡುವ ಬೆಲೆ ಕಥೆ-ಕಾದಂಬರಿಗೆ ಕೊಡುವುದಿಲ್ಲ. ಇನ್ನೊಬ್ಬ ಓದುಗರಿಗೆ ನೇರವಾಗಿ ಮಾರಿದರೆ ಮಾತ್ರ ಅರ್ಧ ಬೆಲೆ ಬಂದೀತು.

ಕಾನೂನಿನ ಹೆದರಿಕೆ ಬೇಡ. ದುಡ್ಡು ಕೊಟ್ಟು ಕೊಂಡ ಪ್ರತಿಯನ್ನು ಮಾರುವುದು, ಕೊಡುವುದು ನಿಮ್ಮ ಹಕ್ಕು. 1957ರ ಹಕ್ಕುಸ್ವಾಮ್ಯ ಕಾಯ್ದೆ, ಒಮ್ಮೆ ಚಲಾವಣೆಗೆ ಬಂದ ಪ್ರತಿಯ ಮರುಮಾರಾಟವನ್ನು ತಡೆಯುವುದಿಲ್ಲ. ಪುಟಗಳ ಫೋಟೋ ಹೊಡೆದು ಪಿಡಿಎಫ್ ಮಾಡಿ ಹಂಚುವುದು ಬೇರೆ ಮಾತು, ಅದು ತಪ್ಪು. ಲೇಖಕರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಅವರ ಕಡೆಯವರದ್ದೇ. ಅಷ್ಟಕ್ಕೂ, ಓದಲಾಗದೆ ಕೊಡುತ್ತಿರುವ ಪುಸ್ತಕದ ಪಿಡಿಎಫ್ ಯಾಕೆ ಬೇಕು ನಿಮಗೆ?

ಧಾರವಾಡದಲ್ಲಿ ಒಬ್ರಿಗೆ ಬೇಕಂತೆ. ಪೋಸ್ಟಿಗೆ ಎಷ್ಟಾಗಬಹುದು?

ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ತಂದಿದೆ. ಶುರುವಾದಾಗಿನ ದರದಂತೆ 300 ಗ್ರಾಂವರೆಗೆ ₹20, 5 ಕಿಲೋಗೆ ₹100, ತೆರಿಗೆ ಬೇರೆ. ಮೇಲೆ ಹೇಳಿದ 230 ಗ್ರಾಂನ ಪುಸ್ತಕ ಆ ಮೊದಲ ದರದಲ್ಲೇ ಹೋಗುತ್ತದೆ. ವ್ಯಾಪಾರಕ್ಕೆ ಕಳಿಸುವಂತಿಲ್ಲ, ನಿಯತಕಾಲಿಕೆ ನಡೆಯದು, ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ರಸ್ತೆ, ರೈಲಿನಲ್ಲಿ ಹೋಗುವುದರಿಂದ ನಿಧಾನ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಸುತ್ತಿ. ದೇವಿಮನೆ ಘಟ್ಟ ಹತ್ತಿ ಬಂದ ಎಷ್ಟೋ ಕಟ್ಟುಗಳು ನಮಗೆ ಇಡ್ಲಿಯ ಹಾಗೆ ಉಬ್ಬಿ ತಲುಪಿವೆ.

ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಬಂದ್ರೆ ಯಾರಾದ್ರೂ ಓದ್ತಾರಲ್ವಾ?

ನನ್ನ ಭಾವ ಹಾಗೆ ಮಾಡಿದ. ಒಳಗೆ ಹೆಸರು, ಊರು ಬರೆದಿತ್ತು. ಮೂರನೇ ದಿನ ನಮ್ಮೂರಿನ ಕೊನೇ ಬಸ್ಸಿನ ಕಂಡಕ್ಟರು, ‘ಮರೆತು ಬಿಟ್ಟಿದ್ರಿ’ ಅಂತ ತಂದುಕೊಟ್ಟರು.

## ಕಸಿವಿಸಿಯ ಪ್ರಶ್ನೆಗಳು

ಬರೆದವರು ನಮ್ಮೂರಿನವರೇ. ಸಹಿ ಹಾಕಿ ಕೊಟ್ಟಿದ್ದಾರೆ. ಈಗೇನ್ ಮಾಡ್ಲಿ?

ಉತ್ತರ ಕನ್ನಡದಲ್ಲಿ ಇದು ದೊಡ್ಡ ಸಮಸ್ಯೆ. ಕಲ್ಲು ಬೀಸಿದರೆ ಒಬ್ಬ ಕವಿಗೆ ತಾಗುತ್ತದೆ. ತಾಗಿದ ಕಲ್ಲಿನ ಮೇಲೂ ಅವರು ಒಂದು ಚುಟುಕ ಬರೆದಾರು, ಅದು ದಿನಕರ ದೇಸಾಯರು ನಮಗೆಲ್ಲ ಹಚ್ಚಿಟ್ಟ ಗೀಳು.

ನಮ್ಮ ಗ್ರಂಥಾಲಯದಲ್ಲಿ ನಡೆದದ್ದನ್ನು ಹೇಳುತ್ತೇನೆ, ಹೆಸರು ಬೇಡ. ಸ್ಥಳೀಯ ಲೇಖಕರೊಬ್ಬರು ಅತಿಥಿಯಾಗಿ ಬಂದಿದ್ದರು. ಸಂಭಾವಿತರು. ತಮ್ಮ ಪುಸ್ತಕವನ್ನು ಕೈಯಾರೆ ಮನೆಮನೆಗೆ ಕೊಟ್ಟವರು. ಅವತ್ತು ಸ್ವಾಗತಕ್ಕೆ ನಿಂತ ಹುಡುಗಿ ಬಲು ಹುಮ್ಮಸ್ಸಿನಿಂದ, ‘ಸರ್ ಅವರ ಪುಸ್ತಕ ನಮ್ಮಲ್ಲಿ ಹನ್ನೊಂದು ಪ್ರತಿ ಇದೆ. ಬೇರೆ ಯಾರದ್ದೂ ಇಷ್ಟಿಲ್ಲ’ ಅಂದಳು. ಚಪ್ಪಾಳೆ ಬಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅವರು ಕಪಾಟಿನ ಹತ್ತಿರ ಹೋಗಿ ಒಂದೊಂದೇ ಪ್ರತಿ ತೆಗೆದರು. ಹನ್ನೊಂದರಲ್ಲೂ ಮೊದಲ ಪುಟದಲ್ಲಿ ಅವರದೇ ಅಕ್ಷರ. ‘ಪ್ರೀತಿಯಿಂದ’, ಕೆಳಗೆ ಹನ್ನೊಂದು ಮನೆಯವರ ಹೆಸರು. ಒಂದರ ಬೆನ್ನೂ ಮುರಿದಿರಲಿಲ್ಲ. ಏಳನೆಯದರಲ್ಲಿ ನನ್ನ ಹೆಸರಿತ್ತು. ಅವರು ಏನೂ ಅನ್ನಲಿಲ್ಲ. ಎಲ್ಲವನ್ನೂ ಮೊದಲಿನ ಹಾಗೇ ಜೋಡಿಸಿಟ್ಟು, ನನ್ನತ್ತ ತಿರುಗಿ, ‘ಈ ಸಲ ಅಡಿಕೆ ಹೇಗಿದೆ ತಂಗಿ?’ ಎಂದು ಕೇಳಿದರು. ಬೈದಿದ್ದರೆ ಚಲೋ ಇತ್ತು.

ಅಂದಿನಿಂದ ನನ್ನ ರೂಢಿ ಹೀಗೆ. ಊರಿನ ಲೇಖಕರ ಸಹಿ ಇರುವ ಪ್ರತಿ ಊರಿನೊಳಗೆ ತಿರುಗಬಾರದು. ಅದನ್ನು ಬೇರೆ ಜಿಲ್ಲೆಗೆ ಕಳಿಸುತ್ತೇನೆ, ಪೋಸ್ಟಿನ ದರ ಮೇಲೆ ಹೇಳಿದ್ದೇನಲ್ಲ. ಸಹಿ ಪುಟ ಹರಿಯುವುದು ನನಗೆ ಸೇರುವುದಿಲ್ಲ. ಹರಿದರೆ ಪಕ್ಕದ ಹಾಳೆಯೂ ಸಡಿಲವಾಗುತ್ತದೆ, ಯಾಕೆ ಹರಿದರು ಎಂಬುದೂ ಎಲ್ಲರಿಗೂ ತಿಳಿಯುತ್ತದೆ. ಎರಡು ಕಪ್ಪೆಚಿಪ್ಪಿನಷ್ಟು ಜಾಗ ಹಿಡಿಯುವ ತೆಳು ಕವನ ಸಂಕಲನವಾದರೆ ಇಟ್ಟುಬಿಡುತ್ತೇನೆ.

‘ಹೇಗಿತ್ತು?’ ಎಂದು ಅವರೇ ಕೇಳಿದರೆ? ಇಷ್ಟವಾದ ಒಂದು ಪುಟವನ್ನಾದರೂ ಹುಡುಕಿಟ್ಟುಕೊಳ್ಳಿ, ಅದರ ಬಗ್ಗೆ ಮಾತಾಡಿ. ಒಂದೂ ಸಿಗದಿದ್ದರೆ ಮುಖಪುಟ ಬರೆದ ಕಲಾವಿದರು ಯಾರೆಂದು ಕೇಳಿ. ಇದು ಹೇಡಿತನವೇ. ಆದರೆ ನಾಳೆ ಹಾಲಿನ ಡೈರಿಯಲ್ಲಿ ಮತ್ತೆ ಮುಖ ನೋಡಬೇಕಲ್ಲ.

ಹೋದಲ್ಲೆಲ್ಲ ಹಾರದ ಬದಲು ಪುಸ್ತಕ ಕೊಡ್ತಾರೆ. ಮನೆ ತುಂಬಿತು!

ಕೇಳಿದವರು ನಿವೃತ್ತ ಮೇಷ್ಟ್ರು, ವಾರಕ್ಕೆರಡು ಸಮಾರಂಭ. 2021ರ ಆಗಸ್ಟಿನಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಬಂತು. 2023ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಹೂವಿನ ಬದಲು ಪುಸ್ತಕ ಕೊಡಿ ಎಂದರು. ಒಳ್ಳೆಯ ಯೋಚನೆಯೇ. ಹಾರವಾದರೆ ಮರುದಿನ ಗೊಬ್ಬರಗುಂಡಿಗೆ ಹೋಗುತ್ತಿತ್ತು, ಪುಸ್ತಕ ಹೋಗುವುದಿಲ್ಲ, ತೊಂದರೆ ಅಷ್ಟೇ. ಮೇಷ್ಟ್ರಿಗೆ ನಾನು ಹೇಳಿದ್ದು, ಒಳಗೆ ಹೆಸರು ಬರೆಸಿಕೊಳ್ಳಬೇಡಿ, ವೇದಿಕೆ ಇಳಿದವರೇ ಅಲ್ಲಿಯ ಶಾಲೆಯವರ ಕೈಗೆ ಕೊಟ್ಟುಬನ್ನಿ. ಮನೆ ಹೊಸಿಲು ದಾಟಿ ಒಳಗೆ ಬಂದ ಪುಸ್ತಕ ಹೊರಗೆ ಹೋಗಲು ಹತ್ತು ವರ್ಷ ಬೇಕು.

ನನಗೆ ಆಗೋದಿಲ್ಲ, ಇವರಿಗೆ ಪ್ರಾಣ. ಕದ್ದು ಕೊಟ್ಟುಬಿಡ್ಲಾ?

ಬೇಡ. ಅವರ ಕಪಾಟಿಗೆ ವರ್ಗಾಯಿಸಿ.

ತೀರಿಹೋದ ಅಪ್ಪನ ಪುಸ್ತಕ ಎರಡು ಕಪಾಟು ಇದೆ. ಅರ್ಧಕ್ಕರ್ಧ ನನಗೆ ಓದಲಾಗದು. ಹೇಗೆ ಶುರು ಮಾಡ್ಲಿ?

ಮೊದಲ ವರ್ಷ ಮುಟ್ಟಬೇಡಿ, ಬಿಸಿಲಿಗೆ ಹಾಕುವುದೊಂದನ್ನು ಬಿಟ್ಟು. ಆಮೇಲೆ ಪುಟ ಪುಟ ಬಿಡಿಸಿ ನೋಡಿ. ಹಳೇ ತಲೆಮಾರಿನವರು ಪುಸ್ತಕದೊಳಗೆ ಏನೇನು ಇಡುತ್ತಿದ್ದರು ಅಂತಿಲ್ಲ. ಸಹಕಾರಿ ಸಂಘದ ರಸೀದಿ, ಜಾತಕ, ಐದು ರೂಪಾಯಿ ನೋಟು, ಪಹಣಿ ಪತ್ರ. ಇನ್‌ಲ್ಯಾಂಡ್ ಲೆಟರ್ ಸಿಕ್ಕಿದರೆ ಓದಲೋ ಬೇಡವೋ ನೀವೇ ತೀರ್ಮಾನ ಮಾಡಿ.

ಓದಲು ಬೇಜಾರು ಎಂಬ ಒಂದೇ ಕಾರಣಕ್ಕೆ ಕೆಲವನ್ನು ದಾಟಿಸಬೇಡಿ. ಕೈಬರಹದ ಯಕ್ಷಗಾನ ಪ್ರಸಂಗ, ಊರ ಹೈಸ್ಕೂಲಿನ ಸ್ಮರಣ ಸಂಚಿಕೆ, ಸೊಸೈಟಿಯ ಬೆಳ್ಳಿಹಬ್ಬದ ಪುಸ್ತಕ, ತಾಳೆಗರಿ ಇದ್ದರಂತೂ ಸರಿಯೇ ಸರಿ. ಸಾಹಿತ್ಯವಾಗಿ ಇವು ಸೊನ್ನೆ ಇರಬಹುದು, ಆದರೆ ಇನ್ನೊಂದು ಪ್ರತಿ ಎಲ್ಲೂ ಇರಲಿಕ್ಕಿಲ್ಲ. 1954ರ ಕಾಯ್ದೆಯ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕವನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜತೆಗೆ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಕಳಿಸಬೇಕು. ದೊಡ್ಡ ಪ್ರಕಾಶಕರ ಕಾದಂಬರಿ ಹೀಗೆ ಎಲ್ಲಾದರೂ ಉಳಿದಿರುತ್ತದೆ. ಹೈಸ್ಕೂಲಿನವರು ಕೋಲ್ಕತ್ತಕ್ಕೆ ಕಟ್ಟು ಕಳಿಸಿರುತ್ತಾರಾ? ಇಂಥವನ್ನು ಕೂಡಿಡುವವರನ್ನು ಹುಡುಕಿ. ಗೋಕರ್ಣದಲ್ಲಿ ಸ್ಟಡಿ ಸರ್ಕಲ್ ಗ್ರಂಥಾಲಯದಂಥದ್ದು ಬೆಳೆದದ್ದೇ ಬೇರೆಯವರು ಬೇಡವೆಂದದ್ದನ್ನೂ ಬೇಕೆನ್ನುವ ಮನಸ್ಸಿನಿಂದ.

## ಯಾರಿಗೂ ಬೇಡವಾದಾಗ

ಬಚ್ಚಲ ಒಲೆಗೆ ಹಾಕಿದ್ರೆ? ಸ್ನಾನಕ್ಕಾದ್ರೂ ಬಿಸಿನೀರಾಗ್ತದೆ.

ಆಗುವುದಿಲ್ಲ, ನಾನು ಹಾಕಿ ನೋಡಿದ್ದೇನೆ. ಅವತ್ತು ಅಷ್ಟು ಸಿಟ್ಟು ಬಂದಿತ್ತು. ಮುಚ್ಚಿದ ಪುಸ್ತಕ ಕಟ್ಟಿಗೆಯ ಹಾಗೆ ಉರಿಯುವುದಿಲ್ಲ. ಹಾಳೆಗಳ ನಡುವೆ ಗಾಳಿ ಆಡದೆ ಅಂಚಷ್ಟೇ ಕರಟಿತು. ಮುಖಪುಟದ ಮೇಲಿನ ಲ್ಯಾಮಿನೇಶನ್ ಅಂದರೆ ಪ್ಲಾಸ್ಟಿಕ್ಕೇ, ಅದು ಮುದುಡಿ ಗಬ್ಬು ಹೊಗೆ ಎದ್ದಿತು. ಅತ್ತೆ ಹಿತ್ತಿಲಿಂದ ಕೂಗಿದರು. ಕೋಲು ಹಾಕಿ ಹಾಳೆ ಬಿಡಿಸಿದೆ. ಒಂದು ಹಾಳೆ ಪೂರ್ತಿ ಕಪ್ಪಾಗಿ, ಹಾಗೇ ನಿಂತಿತ್ತು, ಅದರ ಮೇಲೆ ಶಾಯಿ ಬೂದುಬಣ್ಣದಲ್ಲಿ ಹೊಳೆಯುತ್ತಿತ್ತು. ಒಂದು ಸಾಲು ಸ್ಪಷ್ಟವಾಗಿ ಓದಲು ಬಂತು. ಆ ಲೇಖಕರು ಬೂದಿಯಲ್ಲೂ ಉಪದೇಶ ಮಾಡುತ್ತಿದ್ದರು!

ನುಣುಪು ಆರ್ಟ್ ಪೇಪರಿನ ಪುಸ್ತಕವಂತೂ ಇನ್ನೂ ಕಷ್ಟ. ಆ ಹೊಳಪು ಬರುವುದು ಬಿಳಿಮಣ್ಣಿನ ಲೇಪದಿಂದ. ಮಣ್ಣು ಉರಿಯುತ್ತದಾ?

ಗೊಬ್ಬರಗುಂಡಿಗೆ?

ಬೂಷ್ಟು ಹಿಡಿದು, ಗೆದ್ದಲು ತಿಂದು, ಯಾರಿಗೂ ಕೊಡಲಾಗದ ಸ್ಥಿತಿಗೆ ಬಂದಿದ್ದರೆ ಇದೇ ಚಲೋ ದಾರಿ. ರಟ್ಟು, ಲ್ಯಾಮಿನೇಶನ್, ಬೆನ್ನಿನ ಅಂಟು, ಪಿನ್ನು ಕಿತ್ತು ಬೇರೆ ಮಾಡಿ. ಬಣ್ಣದ ನುಣುಪು ಹಾಳೆ ಬೇಡ. ಸಾದಾ ಹಾಳೆ ಮಾತ್ರ ಹರಿದು, ನೆನೆಸಿ, ಸಗಣಿಯ ಜತೆ ಪದರ ಪದರವಾಗಿ ಹಾಕಿ. ಗುಂಡಿಯ ಲೆಕ್ಕದಲ್ಲಿ ಕಾಗದವೂ ದರಕಿನ (ಒಣಗಿದ ಎಲೆಯ) ಹಾಗೇ, ಇಂಗಾಲ ಜಾಸ್ತಿ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಗಣಿ ಇಲ್ಲದಿದ್ದರೆ ಕೊಳೆಯದೆ ಕೂತಿರುತ್ತದೆ. ಇಡೀ ಪುಸ್ತಕ ಹಾಕಿದರೆ ಮುಂದಿನ ವರ್ಷ ಗೊಬ್ಬರ ಹೊರುವಾಗ ಗುದ್ದಲಿಗೆ ಸಿಗುತ್ತದೆ, ನಮ್ಮನೆಯಲ್ಲಿ ಸಿಕ್ಕಿದೆ.

ಗೆದ್ದಲು ಹಿಡಿದ ಪುಸ್ತಕವನ್ನು ಒಳಗೆ ಬೇರೆ ಕಡೆ ಇಡುವ ತಪ್ಪು ಮಾತ್ರ ಮಾಡಬೇಡಿ. ನೇರ ಅಂಗಳಕ್ಕೆ.

ಶೇಂಗಾ ಮಾರುವವನಿಗೆ ಪೊಟ್ಟಣ ಕಟ್ಟಲು ಕೊಡ್ತೆ. ಉಪಯೋಗ ಆಗ್ತದಲ್ಲ?

ಬೇಡ. ಅಚ್ಚಾದ ಕಾಗದದಲ್ಲಿ ತಿನ್ನುವ ವಸ್ತು ಕಟ್ಟಿದರೆ ಶಾಯಿ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ ಪತ್ರಿಕೆ ಕಾಗದದ ಬಗ್ಗೆ 2016ರಲ್ಲೇ ಎಚ್ಚರಿಸಿತ್ತು, 2018ರ ಪ್ಯಾಕಿಂಗ್ ನಿಯಮದಲ್ಲಿ ಅದನ್ನು ನಿಷೇಧಿಸಿದೆ. ಪುಸ್ತಕದ ಶಾಯಿ ಏನೂ ಪಾಯಸ ಅಲ್ಲ.

ದೇವರ ಪುಸ್ತಕ ಹರಿದಿದೆ. ಹೊಳೆಗೆ ಬಿಡಬಹುದಾ?

ತಾಳೆಗರಿ ಹೊಳೆಗೆ ಬಿಡುತ್ತಿದ್ದ ಕಾಲದಲ್ಲಿ ಲ್ಯಾಮಿನೇಶನ್ ಇರಲಿಲ್ಲ. ಈಗ ಶಾಲ್ಮಲೆಗೆ ಬಿಟ್ಟದ್ದು ಸಹಸ್ರಲಿಂಗದ ಕಲ್ಲಿಗೆ ಸಿಕ್ಕಿಕೊಂಡು ಕೂರುತ್ತದೆ. ಮರದ ಬುಡದಲ್ಲಿ ಮಣ್ಣು ಮುಚ್ಚಿ, ಹೆಸರು ಹೇಳಿ ಕೈಮುಗಿಯಿರಿ.

## ಕೊನೆಗೆ, ಸ್ವಲ್ಪ ಗಟ್ಟಿ ಪ್ರಶ್ನೆಗಳು

ತುಂಬ ಸುಳ್ಳಿದೆ ಆ ಪುಸ್ತಕದಲ್ಲಿ. ಇನ್ನೊಬ್ರ ಕೈಗೆ ಸಿಗಬಾರದು ಅನ್ನಿಸ್ತದೆ. ನಾಶ ಮಾಡೋದು ತಪ್ಪಾ?

ಸುಳ್ಳಲ್ಲಿ ಎರಡು ಬಗೆ. ಒಂದು, ನಂಬಿದರೆ ಮೈಗೆ ಅಥವಾ ಪರೀಕ್ಷೆಗೆ ಪೆಟ್ಟು ಬೀಳುವಂಥದ್ದು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಬಿಡಿ, ಕಷಾಯ ಕುಡಿಯಿರಿ ಎನ್ನುವ ಪುಸ್ತಕ. 2024ರ ಜುಲೈ 1ಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೂ ಹಳೇ ದಂಡ ಸಂಹಿತೆಯ ಕಲಂ ಉರು ಹೊಡೆಸುವ ಗೈಡು. ದಾಂಡೇಲಿ ತಾಲೂಕಾಗುವ ಮೊದಲಿನ, ನಮ್ಮ ಜಿಲ್ಲೆಗೆ 11 ತಾಲೂಕು ಎನ್ನುವ ಸಾಮಾನ್ಯ ಜ್ಞಾನದ ಪುಸ್ತಕ. ಇವನ್ನು ನಾನು ಕೈ ನಡುಗದೆ ರದ್ದಿಗೆ ಹಾಕುತ್ತೇನೆ, ಅದೂ ನಡುವೆ ಹರಿದು, ಮತ್ತೆ ಯಾರೂ ಮಾರಬಾರದೆಂದು.

ಇನ್ನೊಂದು, ನನ್ನ ಜಾತಿಗೆ, ನನ್ನ ಪಕ್ಷಕ್ಕೆ, ನಾನು ಪ್ರೀತಿಸುವವರಿಗೆ ವಿರುದ್ಧ ಇರುವುದು. ಅದು ಸುಳ್ಳು ಅಂತ ನನಗೆ ಖಾತ್ರಿ ಇರಬಹುದು. ಹಾಗಿದ್ದರೂ ಅದನ್ನು ಹರಿಯುವುದಿಲ್ಲ. ನನ್ನ ಕಪಾಟಿನಿಂದ ತೆಗೆಯುವುದು ನನ್ನ ಕೆಲಸ, ಊರ ಕಪಾಟಿನಿಂದ ತೆಗೆಯುವುದು ನನ್ನ ಕೆಲಸ ಅಲ್ಲ. ಈ ಗೆರೆ ನನಗೇ ಕೆಲವು ಸಲ ಮಸುಕಾಗುತ್ತದೆ. ಒಂದು ಪುಸ್ತಕ ಮೂರು ವರ್ಷದಿಂದ ನಮ್ಮ ಮೆತ್ತಿನ ಮೇಲೆ ಪೆಟ್ಟಿಗೆಯಲ್ಲಿದೆ. ಕೊಡಲೂ ಆಗಿಲ್ಲ, ಹರಿಯಲೂ ಆಗಿಲ್ಲ.

ಕೊಟ್ಟ ಮೇಲೆ ಮತ್ತೆ ಬೇಕು ಅನ್ನಿಸಿದ್ರೆ?

ಅನ್ನಿಸುತ್ತದೆ, ಆದರೆ ಬಹಳ ಅಪರೂಪ. ನನಗೆ ಒಂದೇ ಸಲ ಆಗಿದೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಕಾದಂಬರಿ ಓದಿ ಮೈಯೆಲ್ಲ ಉರಿದು, ತವರಿನ ಕಡೆಯ ಒಂದು ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಿದ್ದೆ. ನಲವತ್ತು ದಾಟಿದ ಮೇಲೆ ಅದರ ಒಂದು ಪ್ರಸಂಗ ಮತ್ತೆ ಮತ್ತೆ ನೆನಪಾಗತೊಡಗಿತು, ಅತ್ತೆ ಸೊಸೆ ಮಾತಿಲ್ಲದೆ ಅಡಿಕೆ ಸುಲಿಯುತ್ತ ಕೂರುವುದು. ಅಮ್ಮನನ್ನು ನೋಡಲು ಹೋದಾಗ ಆ ಗ್ರಂಥಾಲಯಕ್ಕೂ ಹೋದೆ. ಪುಸ್ತಕ ಇತ್ತು. ಆ ಪುಟ ತೆಗೆದರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ಸುಳ್ಳು!’ ಎಂದು ಬರೆದಿತ್ತು, ನನ್ನದೇ ಅಕ್ಷರ. ಅಳಿಸಲು ಗ್ರಂಥಪಾಲಕರ ಹತ್ತಿರ ರಬ್ಬರು ಇಸಕೊಂಡು ಬಂದೆ. ಆಗ ಕಂಡಿತು, ಅದರ ಕೆಳಗೆ ಇನ್ಯಾರೋ ನೀಲಿ ಪೆನ್ನಿನಲ್ಲಿ ‘ಅಲ್ಲ’ ಎಂದು ಬರೆದಿದ್ದರು. ರಬ್ಬರು ವಾಪಸ್ ಕೊಟ್ಟೆ.